ಕೊಂಗಾಳ್ವರ ಕಾಲದ ನಾಟಕಕ್ಕೆ ಕತ್ತಿ, ಗುರಾಣಿ, ಕಿರೀಟ: ಮನೆಯಲ್ಲೇ ಮಾಡುವುದು ಹೇಗೆ?

ಮಲಂಬಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ಹವ್ಯಾಸಿ ನಾಟಕ ತಂಡ. ಬರುವ ಜನವರಿಯಲ್ಲಿ ಹೊಸ ನಾಟಕ ಆಡುತ್ತೇವೆ. ಕಥೆ 11ನೇ ಶತಮಾನದ್ದು, ಕೊಡಗಿನ ಉತ್ತರ ಭಾಗವನ್ನು ಆಳಿದ ಕೊಂಗಾಳ್ವ ಅರಸರ ಕಾಲ. ಮೊದಲ ಭಾಗದಲ್ಲಿ ಪಣಸೋಗೆ ಯುದ್ಧ, ಕೊನೆಯಲ್ಲಿ ಮುಳ್ಳೂರಿನ ಬಸದಿಗೆ ದಾನ ಕೊಡುವ ದೃಶ್ಯ.

ಬೇಕಾಗಿರುವುದು: ಕತ್ತಿ ಎಂಟು, ಗುರಾಣಿ ಆರು, ನಾಲ್ಕು ಈಟಿ, ಒಂದು ಬಿಲ್ಲು, ರಾಜನಿಗೆ ಕಿರೀಟ, ರಾಜಮಾತೆಗೆ ಒಡವೆ, ಒಂದು ಶಾಸನದ ಕಲ್ಲು, ಓಲೆಗರಿ ಕಟ್ಟು, ಪಂಜು. ಕೈಯಲ್ಲಿ ಇರುವ ದುಡ್ಡು ಎಲ್ಲಾ ಸೇರಿ ಹದಿನೈದು ಸಾವಿರ. ಬಾಡಿಗೆಗೆ ಕೇಳಿ ನೋಡಿದೆವು. ಅವರು ಕಳಿಸಿದ ಫೋಟೋದಲ್ಲಿ ಇದ್ದದ್ದು ಧಾರಾವಾಹಿಗಳಲ್ಲಿ ಬರುವ ಚಿನ್ನದ ಬಣ್ಣದ ಕವಚ, ಮೂಗಿನ ತನಕ ಮುಚ್ಚುವ ಯುರೋಪಿನ ಶಿರಸ್ತ್ರಾಣ. ನಮ್ಮ ಊರಿನ ಕಥೆಗೆ ಅದು ಬೇಡ ಎಂದು ತಂಡದವರೆಲ್ಲ ಹೇಳಿದರು. ನಾವೇ ಮಾಡಬೇಕು.

ಈಗ ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆ. ಪೇಪರ್ ಪಲ್ಪಿನಲ್ಲಿ ಒಂದು ಗುರಾಣಿ ಶುರು ಮಾಡಿದ್ದೇವೆ, ಒಣಗುತ್ತಲೇ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಶನಿವಾರಸಂತೆ_ಮೇಷ್ಟ್ರು:
ಬಹಳ ಖುಷಿಯಾಯಿತು. ಈ ಕಥೆಯನ್ನು ರಂಗಕ್ಕೆ ತರುವವರು ಕಡಿಮೆ. ಕೊಡಗು ಅಂದ ಕೂಡಲೇ ಎಲ್ಲರೂ ಹಾಲೇರಿ ಅರಸರಿಂದ ಶುರು ಮಾಡುತ್ತಾರೆ. ಅದಕ್ಕೂ ಆರು ನೂರು ವರ್ಷ ಹಿಂದೆ, ಸುಮಾರು 1004ರಲ್ಲಿ, ಪಣಸೋಗೆ ಯುದ್ಧದಲ್ಲಿ ಚೋಳರ ಪರವಾಗಿ ಹೋರಾಡಿದ ಮನಿಜ ಎಂಬವನಿಗೆ ರಾಜರಾಜ ಚೋಳ ‘ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ’ ಎಂಬ ಬಿರುದು ಕೊಟ್ಟು, ಮಾಲವ್ವಿಯನ್ನು ಕೊಡಿಸಿದ. ಆ ಮಾಲವ್ವಿಯೇ ನಿಮ್ಮ ಹೆಸರಿನಲ್ಲಿರುವ ಮಲಂಬಿ. ಮುಳ್ಳೂರಿನ 1058ರ ಶಾಸನದಲ್ಲಿ ರಾಜೇಂದ್ರ ಕೊಂಗಾಳ್ವ ಮತ್ತು ಅವನ ತಾಯಿ ಪೋಚಬ್ಬರಸಿ ಬರುತ್ತಾರೆ. ನಿಮ್ಮ ರಾಜಮಾತೆ ಅವರೇ ಇರಬೇಕು ಅಲ್ವಾ?

ಪರಿಕರದ ಬಗ್ಗೆ ನನ್ನದು ಒಂದೇ ಮಾತು. ಧಾರಾವಾಹಿ ನೋಡಬೇಡಿ, ವೀರಗಲ್ಲು ನೋಡಿ. ನಮ್ಮ ಕಡೆಯ ಹಳ್ಳಿಗಳಲ್ಲಿ ದೇವಸ್ಥಾನದ ಪಕ್ಕ, ಕೆರೆ ಏರಿಯ ಮೇಲೆ ಬೇಕಾದಷ್ಟು ಇವೆ. ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂಗೂ ಒಮ್ಮೆ ಹೋಗಿ ಬನ್ನಿ. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನ ವೀರಗಲ್ಲು ನೋಡಲಿ. ಅದು ಗಂಗರ ಕಾಲದ್ದು, ನಿಮ್ಮ ಕಥೆಗಿಂತ ನೂರು ವರ್ಷಕ್ಕೂ ಹಿಂದಿನದು. ಆದರೆ ಯುದ್ಧ ಹೇಗಿತ್ತು ಎಂದು ತಿಳಿಯಲು ಅಷ್ಟು ತುಂಬಿದ ಕಲ್ಲು ಇನ್ನೊಂದು ಸಿಗುವುದು ಕಷ್ಟ.

ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಯುದ್ಧ ಇರುತ್ತದೆ. ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ದೇವರು. ನಿಮಗೆ ಬೇಕಾದ್ದು ಕೆಳಗಿನ ಪಟ್ಟಿ. ಅಲ್ಲಿ ಕಾಲಾಳುಗಳನ್ನು ನೋಡಿ. ಬಹುಪಾಲು ಜನರ ಎದೆ ಬರಿದು, ಕೂದಲನ್ನು ತುರುಬು ಕಟ್ಟಿದ್ದಾರೆ, ಸೊಂಟಕ್ಕೆ ಗಿಡ್ಡ ಬಟ್ಟೆ ಬಿಗಿದಿದ್ದಾರೆ. ಕತ್ತಿ ಗಿಡ್ಡ, ಅಗಲ. ಗುರಾಣಿ ದುಂಡಗೆ, ಕೆಲವು ಕಡೆ ಉದ್ದಕ್ಕೆ. ಬಿಲ್ಲಂತೂ ಇದ್ದೇ ಇರುತ್ತದೆ. ಹೀಗೆ ನೋಡಿದರೆ ನಿಮ್ಮ ಖರ್ಚು ಅರ್ಧ ಆಗುತ್ತದೆ. ಕವಚವೇ ಬೇಡ.

ಮಲಂಬಿ_ಹುಡುಗ:
ಮೇಷ್ಟ್ರೇ, ಹೌದು, ರಾಜಮಾತೆ ಪೋಚಬ್ಬರಸಿಯೇ. ಕವಚ ಬೇಡ ಅನ್ನುವುದು ದೊಡ್ಡ ಭಾರ ಇಳಿಸಿದ ಹಾಗಾಯಿತು. ಒಂದು ಅನುಮಾನ. ಸೈನಿಕರ ಸೊಂಟಕ್ಕೆ ಒಡಿಕತ್ತಿ, ಅಂದರೆ ಕೊಡವರ ಅಗಲವಾದ ಬಾಗಿದ ಕತ್ತಿ, ಕೊಡಬಹುದಾ? ನೋಡಿದ ತಕ್ಷಣ ಕೊಡಗು ಅಂತ ಗೊತ್ತಾಗುತ್ತದೆ. ನಮ್ಮ ತಂಡದ ಒಬ್ಬರ ಮನೆಯಲ್ಲಿ ಹಳೆಯದೇ ಇದೆ, ಕೇಳಿದರೆ ಕೊಡುತ್ತಾರೆ.

ನಾಪೋಕ್ಲು_ಅಕ್ಕ:
ದಯವಿಟ್ಟು ಬೇಡ ತಮ್ಮಾ. ಎರಡು ಕಾರಣ.

ಮನೆಯ ಒಡಿಕತ್ತಿ, ಪೀಚೆಕತ್ತಿ (ಸೊಂಟದ ಸಣ್ಣ ಕತ್ತಿ) ನಮಗೆ ಹಿರಿಯರ ಸೊತ್ತು. ಕೈಲ್‌ಪೊಳ್ದ್ (ಆಯುಧಪೂಜೆಯ ಹಬ್ಬ) ದಿನ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುವ ಆಯುಧ ಅದು. ರಿಹರ್ಸಲ್‌ನಲ್ಲಿ ಕೈಯಿಂದ ಕೈಗೆ ಎಸೆದುಕೊಳ್ಳುವ ವಸ್ತು ಅಲ್ಲ. ಜೊತೆಗೆ ಅದು ನಿಜವಾದ ಅಲಗು. ಬೆನ್ನಿನ ತೋಡಂಗ್‌ನಿಂದ (ಕತ್ತಿ ಸಿಕ್ಕಿಸುವ ಲೋಹದ ಕೊಕ್ಕೆಯಿಂದ) ಒಡಿಕತ್ತಿ ಎಳೆಯುವುದು ಅಭ್ಯಾಸ ಇಲ್ಲದವರಿಗೆ ಅಪಾಯ. ಹಿಂದೆ ನಿಂತವನ ಮುಖಕ್ಕೆ ತಾಗಬಹುದು.

ಇನ್ನೊಂದು, ಈಗ ನಾವು ನೋಡುವ ಕುಪ್ಯ (ಉದ್ದ ನಿಲುವಂಗಿ), ಚೇಲೆ (ಸೊಂಟಕ್ಕೆ ಸುತ್ತುವ ಬಟ್ಟೆ), ಮಂಡೆತುಣಿ (ತಲೆವಸ್ತ್ರ), ಒಡಿಕತ್ತಿ ಇವೆಲ್ಲ ಒಟ್ಟಿಗೆ ಸೇರಿದ ವೇಷವನ್ನು ಹಾಗೇ ತೆಗೆದು 11ನೇ ಶತಮಾನದ ಸೈನಿಕನಿಗೆ ಹಾಕಿದರೆ ಸರಿ ಹೋಗುವುದಿಲ್ಲ. ಕೋವಿಯಂತೂ ಆಗ ಇರಲೇ ಇಲ್ಲ. ಮೇಷ್ಟ್ರು ಹೇಳಿದ ಕಲ್ಲಿನ ಮೇಲಿನ ಕತ್ತಿಯನ್ನೇ ಮಾಡಿ. ಕೊಡಗು ಅಂತ ಗೊತ್ತಾಗಲು ಕಾಡು, ಮಳೆ, ಮಾತು ಸಾಕು.

ಮಲಂಬಿ_ಹುಡುಗ:
ಸರಿ ಅಕ್ಕ, ಅರ್ಥವಾಯಿತು. ಮನೆ ಆಯುಧ ಮುಟ್ಟುವುದಿಲ್ಲ.

ಬಡಗಿಕೊಟ್ಟಿಗೆ:
ಕತ್ತಿ ಬಗ್ಗೆ ನಾನು ಹೇಳುತ್ತೇನೆ. ಮೂವತ್ತು ನಾಟಕಕ್ಕಾದರೂ ಕತ್ತಿ ಮಾಡಿಕೊಟ್ಟಿರುವ ಮನೆ ನಮ್ಮದು, ಅಪ್ಪನ ಕಾಲದಿಂದ.

ಮೊದಲು ತೂಕ. ಹಳೆಯ ಕಾಲದ ಕತ್ತಿ ಐದು ಕೆಜಿ, ಹತ್ತು ಕೆಜಿ ಇತ್ತು ಅನ್ನುವುದೆಲ್ಲ ಸುಳ್ಳು. ಒಂದು ಕೈಯಲ್ಲಿ ಬೀಸುವ ನಿಜವಾದ ಕತ್ತಿಗಳು ಹೆಚ್ಚಾಗಿ ಒಂದು ಕೆಜಿ ಆಸುಪಾಸು ತೂಗುತ್ತವೆ. ಯುರೋಪಿನ ಕತ್ತಿಗಳೂ ಅಷ್ಟೇ. ಹಾಗಾಗಿ ನಟ ಕತ್ತಿಯನ್ನು ಕಷ್ಟಪಟ್ಟು ಎತ್ತುವ ಹಾಗೆ ಅಭಿನಯಿಸಬೇಕಾಗಿಲ್ಲ. ನಿಮ್ಮ ಮರದ ಕತ್ತಿ 400ರಿಂದ 500 ಗ್ರಾಂ ಇರಲಿ. ಅದಕ್ಕಿಂತ ಹಗುರ ಆದರೆ ಕೈ ಸುಮ್ನೆ ಗಾಳಿಯಲ್ಲಿ ಹಾರುತ್ತದೆ, ನೋಡುವವರಿಗೆ ಆಟಿಕೆ ಅನ್ನಿಸುತ್ತದೆ.

ಎಂಟು ಕತ್ತಿಯನ್ನೂ ಒಂದೇ ಥರ ಮಾಡಬೇಡಿ. ಹೊಡೆದಾಡುವ ಕತ್ತಿ ಬೇರೆ, ಸುಮ್ನೆ ಸೊಂಟದಲ್ಲಿ ಇರುವ ಕತ್ತಿ ಬೇರೆ. ಸೊಂಟದ ಕತ್ತಿಗೆ 9 ಎಂಎಂ ಪ್ಲೈವುಡ್ ಸಾಕು, ನೋಡಲು ಚೆಂದ ಇರಲಿ. ಹೊಡೆದಾಟಕ್ಕೆ ಪ್ಲೈ ಬೇಡ. ಏಟು ಬಿದ್ದರೆ ಪದರ ಬಿಡುತ್ತದೆ, ಸೀಳು ಹಾರುತ್ತದೆ. ಬಿದಿರೂ ಬೇಡ. ಬಿದಿರು ಸೀಳಿದರೆ ಅಂಚು ಬ್ಲೇಡಿನ ಹಾಗೆ ಇರುತ್ತದೆ. ಹೊಡೆದಾಟಕ್ಕೆ ಬೆತ್ತ ಒಳ್ಳೆಯದು. ಬೆತ್ತ ಮುರಿದರೂ ಚೂರಾಗಿ ಹಾರುವುದಿಲ್ಲ, ನಾರು ನಾರಾಗಿ ಬಿಚ್ಚಿಕೊಳ್ಳುತ್ತದೆ. ಹೆಬ್ಬೆರಳು ದಪ್ಪದ ಬೆತ್ತ ತಂದು ಎರಡು ಕಡೆ ಕೆತ್ತಿ ಸ್ವಲ್ಪ ಚಪ್ಪಟೆ ಮಾಡಿ, ಅದರ ಎರಡೂ ಬದಿಗೆ ಫೋಮ್ ಶೀಟ್ ಅಂಟಿಸಿ ಅಗಲ ಮಾಡಿ. ಬೆತ್ತವನ್ನು ಅಂಗಡಿಯಿಂದಲೇ ತನ್ನಿ. ಕಾಡಿಗೆ ಹೋಗಿ ಕಡಿದರೆ ಅರಣ್ಯದವರ ಕೇಸು ಆಗುತ್ತದೆ.

ಹಿಡಿಗೆ ಕಾಫಿ ಗಿಡದ ಕಾಂಡ. ತೋಟದಲ್ಲಿ ಹಳೆಯ ಗಿಡ ಕಿತ್ತು ಹಾಕಿದ್ದು ಬೇಕಾದಷ್ಟು ಸಿಗುತ್ತದೆ. ಗಟ್ಟಿ ಮರ, ಉಜ್ಜಿದರೆ ನುಣ್ಣಗೆ ಬರುತ್ತದೆ, ಬೆವರಿಗೆ ಜಾರುವುದಿಲ್ಲ. ಮೇಲೆ ಹತ್ತಿ ದಾರ ಬಿಗಿಯಾಗಿ ಸುತ್ತಿ.

ಅಂಚು ಎಲ್ಲೂ 6 ಎಂಎಂಗಿಂತ ತೆಳು ಇರಬಾರದು, ಉಜ್ಜಿ ದುಂಡಗೆ ಮಾಡಿ. ತುದಿ ಹತ್ತು ರೂಪಾಯಿ ನಾಣ್ಯದಷ್ಟಾದರೂ ಗುಂಡಗಿರಲಿ. ಪ್ರತಿ ಪ್ರದರ್ಶನದ ಮೊದಲು ಒಬ್ಬರೇ ಎಲ್ಲಾ ಕತ್ತಿಗಳ ಮೇಲೆ ಬಟ್ಟೆ ಹಿಡಿದು ಸವರಿ ನೋಡಬೇಕು. ಬಟ್ಟೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಬಂದಿದೆ ಅಂತ ಅರ್ಥ. ಆ ಕತ್ತಿ ಅವತ್ತು ರಂಗಕ್ಕೆ ಹೋಗಬಾರದು. ಈ ಕೆಲಸವನ್ನು ‘ಯಾರಾದರೂ ನೋಡಿಕೊಳ್ಳುತ್ತಾರೆ’ ಎಂದು ಬಿಡಬೇಡಿ.

ಮಲಂಬಿ_ಹುಡುಗ:
ಬಹಳ ಉಪಕಾರ ಅಣ್ಣ. ಕಬ್ಬಿಣದ ಹೊಳಪು ಹೇಗೆ ತರುವುದು? ಅಲ್ಯೂಮಿನಿಯಂ ಪೇಂಟ್ ಹೊಡೆದರೆ ಗೇಟಿನ ಬಣ್ಣ ಕಾಣುತ್ತದೆ ಎಂದು ನಮ್ಮವರು ಹೇಳುತ್ತಾರೆ.

ಬಡಗಿಕೊಟ್ಟಿಗೆ:
ನಿಮ್ಮವರು ಹೇಳಿದ್ದು ಸರಿ. ಅಡುಗೆಮನೆ ಫಾಯಿಲ್ ಸುತ್ತುವುದೂ ಬೇಡ, ಮೊದಲ ದೃಶ್ಯದಲ್ಲೇ ಸುಕ್ಕಾಗುತ್ತದೆ. ಹೀಗೆ ಮಾಡಿ. ಮೊದಲು ಹೊಳಪಿಲ್ಲದ ಕಪ್ಪು ಬಣ್ಣ ಎರಡು ಸಲ. ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ಕಡ್ಡಿಯ ಪುಡಿ, ಅಂದರೆ ಗ್ರಾಫೈಟ್, ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಚೂರು ತೆಗೆದುಕೊಂಡು ಹಿಡಿಯಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಉಜ್ಜಿ. ಉಜ್ಜಿದಷ್ಟೂ ಕಬ್ಬಿಣದ ಕಳೆ ಬರುತ್ತದೆ. ನಡುವಿನ ಗೆರೆ ಕಪ್ಪಾಗಿಯೇ ಇರಲಿ, ಅಂಚಿಗೆ ಮಾತ್ರ ಬೆಳ್ಳಿ ಬಣ್ಣವನ್ನು ಬೆರಳಿನಿಂದ ಸವರಿ. ಮೇಲೆ ವಾರ್ನಿಷ್ ತೆಳುವಾಗಿ ಹಾಕದಿದ್ದರೆ ನಟರ ಕೈ, ಪಂಚೆ ಎಲ್ಲಾ ಕಪ್ಪಾಗುತ್ತದೆ.

ತುಕ್ಕಿನ ಬಣ್ಣವನ್ನೂ ಸ್ವಲ್ಪ ಹಾಕಿ, ಹಳೆಯದು ಅಂತ ಕಾಣಲಿ.

ಶನಿವಾರಸಂತೆ_ಮೇಷ್ಟ್ರು:
ಬಡಗಿಯವರೇ, ನಿಮ್ಮ ಕೆಲಸದ ಮೇಲೆ ನನಗೆ ಪೂರ್ತಿ ಗೌರವ ಇದೆ. ಆದರೆ ತುಕ್ಕಿನ ವಿಷಯದಲ್ಲಿ ಒಪ್ಪುವುದಿಲ್ಲ. ನಮಗೆ ಅದು ಹಳೆಯ ಕತ್ತಿ. ಮನಿಜನಿಗೆ ಅದು ಹಳೆಯದಲ್ಲ. ಯುದ್ಧಕ್ಕೆ ಹೊರಟವನು ಎಣ್ಣೆ ಹಚ್ಚಿ ಮಸೆದ ಕತ್ತಿ ಹಿಡಿಯುತ್ತಾನೆ. ಮ್ಯೂಸಿಯಂನಲ್ಲಿ ತುಕ್ಕು ಹಿಡಿದದ್ದನ್ನು ನೋಡಿ ನೋಡಿ ಆ ಕಾಲವೇ ತುಕ್ಕಿನ ಬಣ್ಣದ್ದು ಎಂದು ನಮಗೆ ಅನ್ನಿಸಿಬಿಟ್ಟಿದೆ.

ಶಾಸನದ ಕಲ್ಲಿಗೂ ಇದೇ ಮಾತು. ಇವತ್ತು ಮುಳ್ಳೂರಿನಲ್ಲಿ ಕಲ್ಲಿನ ಮೇಲೆ ಹಾವಸೆ ಕಾಣಬಹುದು. ನಿಮ್ಮ ನಾಟಕದಲ್ಲಿ ಶಾಸನ ಆಗ ತಾನೇ ಕೆತ್ತಿ ನಿಲ್ಲಿಸಿದ್ದು. ಅಕ್ಷರದ ಒಳಗೆ ಕಲ್ಲಿನ ಬಿಳಿ ಪುಡಿ ಇನ್ನೂ ಇರಬೇಕು. ಹಸಿರು ಬಳಿದರೆ ಪೋಚಬ್ಬರಸಿ ತಾನು ಹುಟ್ಟುವ ಮೊದಲಿನ ಕಲ್ಲಿನ ಮುಂದೆ ನಿಂತ ಹಾಗೆ ಕಾಣುತ್ತದೆ.

ಬಡಗಿಕೊಟ್ಟಿಗೆ:
ಮೇಷ್ಟ್ರೇ, ಇದು ಯೋಚಿಸಬೇಕಾದ ಮಾತು. ಅರಸನ ಕತ್ತಿಗೆ ತುಕ್ಕು ಬೇಡ, ಒಪ್ಪಿದೆ. ಕಾಲಾಳುಗಳ ಕತ್ತಿಗೆ ಮಾತ್ರ ಬಳಕೆಯ ಗುರುತು ಇರಲಿ. ಹಿಡಿಯ ದಾರ ಎಣ್ಣೆಗೆ ಕಪ್ಪಾಗಿರುವುದು, ಅಂಚಿನಲ್ಲಿ ಒಂದೆರಡು ಕಚ್ಚು. ಅದು ಕೈಯಲ್ಲಿ ಹಿಡಿದು ಬದುಕಿದ ಗುರುತು, ಹಳತಾದ ಗುರುತಲ್ಲ. ಆಗಬಹುದಾ?

ಶನಿವಾರಸಂತೆ_ಮೇಷ್ಟ್ರು:
ತುಂಬಾ ಸರಿ. ಹಾಗೇ ಮಾಡಲಿ.

ಸುಂಟಿಕೊಪ್ಪ_ತೋಟ:
ಒಣಗದ ಗುರಾಣಿಗೆ ಬರುತ್ತೇನೆ. ಕಕ್ಕಡದಲ್ಲಿ ಪೇಪರ್ ಪಲ್ಪ್ ಕೆಲಸ ಶುರು ಮಾಡಿದರೆ ಹೊರಗೆ ಒಣಗಿದ ಹಾಗೆ ಕಂಡು ಒಳಗೆ ಕೊಳೆಯುತ್ತದೆ. ಬೂಸ್ಟು ಬರುತ್ತದೆ, ವಾಸನೆ ಬರುತ್ತದೆ. ದಪ್ಪ ಪಲ್ಪ್ ಬಿಟ್ಟುಬಿಡಿ. ಪದರ ಪದರವಾಗಿ ಅಂಟಿಸುವ ಕ್ರಮ ಹಿಡಿಯಿರಿ.

ಬಿದಿರಿನ ಗೆರಸೆ ತೆಗೆದುಕೊಳ್ಳಿ. ಸಂತೆಯಲ್ಲಿ ಸಿಗುತ್ತದೆ, ದುಂಡಗಿನ ಗುರಾಣಿಗೆ ಅಳತೆ ಕೂಡ ಸರಿಯಾಗಿ ಇರುತ್ತದೆ. ಅದರ ಮೇಲೆ ಹಳೆಯ ಹತ್ತಿ ಪಂಚೆಯ ಪಟ್ಟಿಗಳನ್ನು ಮೈದಾ ಗೋಂದಿನಲ್ಲಿ ಅದ್ದಿ ಅಂಟಿಸಿ. ಒಂದು ಸಲಕ್ಕೆ ಎರಡೇ ಪದರ. ಅದು ಪೂರ್ತಿ ಒಣಗಿದ ಮೇಲೆ ಮತ್ತೆರಡು. ಮೊದಲ ಪದರ ಉದ್ದಕ್ಕೆ ಹಾಕಿದರೆ ಮುಂದಿನದು ಅಡ್ಡಕ್ಕೆ. ನಾಲ್ಕು ಪದರ ಆದರೆ ಬೆರಳಿನಿಂದ ತಟ್ಟಿದಾಗ ಡೋಲಿನ ಸದ್ದು ಬರುತ್ತದೆ. ಸದ್ದು ಮಂಕಾಗಿದ್ದರೆ ಒಳಗೆ ಇನ್ನೂ ಪಸೆ ಇದೆ ಎಂದು ಲೆಕ್ಕ.

ಗೋಂದಿಗೆ ಮೈಲುತುತ್ತ ಹಾಕಿ. ತೋಟದವರ ಮನೆಯಲ್ಲಿ ಈಗ ಇದ್ದೇ ಇರುತ್ತದೆ, ಬೋರ್ಡೋ ದ್ರಾವಣಕ್ಕೆ ತಂದದ್ದು. ಕರಿಮೆಣಸಿಗೆ, ಅಡಿಕೆಗೆ ಕೊಳೆ ಬಾರದ ಹಾಗೆ ಕಾಯುವ ಅದೇ ಮದ್ದು ಗೋಂದಿಗೂ ಬೂಸ್ಟು ಬರದ ಹಾಗೆ ನೋಡಿಕೊಳ್ಳುತ್ತದೆ. ಹಿಂದೆ ಪುಸ್ತಕದ ಬೈಂಡಿಂಗ್ ಮಾಡುವವರೂ ಮೈದಾ ಗೋಂದಿಗೆ ಇದನ್ನೇ ಹಾಕುತ್ತಿದ್ದರು, ಹುಳ ತಿನ್ನಬಾರದು ಅಂತ. ಒಂದು ಲೀಟರ್ ಗೋಂದಿಗೆ ಅರ್ಧ ಟೀ ಚಮಚ ಸಾಕು. ಮೊದಲು ಬಿಸಿನೀರಿನಲ್ಲಿ ಕರಗಿಸಿ, ಗೋಂದು ಕೆಳಗಿಳಿಸಿದ ಮೇಲೆ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ, ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಹಳೆಯ ಪ್ಲಾಸ್ಟಿಕ್ ಬಕೆಟ್ ಆಗಬಹುದು. ಗೋಂದು ತುಸು ನೀಲಿ ಆಗುತ್ತದೆ, ಬಣ್ಣ ಹೊಡೆದ ಮೇಲೆ ಕಾಣುವುದಿಲ್ಲ.

ಇದು ವಿಷ ಎಂಬುದು ನೆನಪಿರಲಿ. ಕೈಗೆ ಗವಸು ಹಾಕಿ. ಅಡುಗೆ ಪಾತ್ರೆ ಮುಟ್ಟಬೇಡಿ. ಮಕ್ಕಳು ಕೆಲಸಕ್ಕೆ ಬಂದರೆ ಅವರಿಗೆ ಮೈಲುತುತ್ತ ಇಲ್ಲದ ಗೋಂದು ಬೇರೆ ಮಾಡಿ ಕೊಡಿ. ರಂಗದ ಮೇಲೆ ಬಾಯಿಗೆ ಇಡುವ ಬಟ್ಟಲು, ಕೊಂಬು, ಶಂಖ ಇಂಥದ್ದಕ್ಕೆ ಈ ಗೋಂದು ಯಾವ ಕಾರಣಕ್ಕೂ ಬೇಡ.

ಒಣಗಿಸಲು ಒಲೆ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಸೌದೆ ಒಲೆ ಈಗ ಎಲ್ಲರ ಮನೆಯಲ್ಲೂ ಇಲ್ಲ, ಇರುವವರ ಮನೆ ಹುಡುಕಿ. ಇಲ್ಲದಿದ್ದರೆ ಸಣ್ಣ ಕೋಣೆಯಲ್ಲಿ ಹಗ್ಗ ಕಟ್ಟಿ ತೂಗುಹಾಕಿ ಫ್ಯಾನ್ ಹಾಕಿ. ಗೋಡೆಗೆ ಒರಗಿಸಿದರೆ ಒರಗಿದ ಕಡೆ ಒಣಗುವುದಿಲ್ಲ. ಮಳೆ ಬಿಟ್ಟ ಮೇಲೆ ಕಣದಲ್ಲಿ ಹರಡುತ್ತೇವೆ ಎಂದು ಕಾಯಬೇಡಿ. ಡಿಸೆಂಬರ್ ಬಂತು ಅಂದರೆ ಕಣ ಪೂರ್ತಿ ಕಾಫಿ, ನಿಮ್ಮ ಗುರಾಣಿಗೆ ಯಾರೂ ಜಾಗ ಕೊಡುವುದಿಲ್ಲ.

ಗುರಾಣಿಯ ನಡುವಿನ ಉಬ್ಬಿಗೆ ಅರ್ಧ ತೆಂಗಿನ ಚಿಪ್ಪು. ಹೊರಗಿನ ನಾರು ಪೂರ್ತಿ ಕೆರೆದು, ಅಂಟಿಸಿ, ಸುತ್ತಲೂ ಅದೇ ಬಟ್ಟೆ ಪಟ್ಟಿ ಹಾಕಿ ಸೇರಿಸಿಬಿಡಿ. ಹಿಂದಿನ ಹಿಡಿಕೆಗೆ ಸೈಕಲ್ ಟ್ಯೂಬ್, ಗೆರಸೆಯ ಕಡ್ಡಿಗಳ ನಡುವೆ ತೂರಿಸಿ ಕಟ್ಟಿ. ಬರೀ ಅಂಟು ನಂಬಬೇಡಿ.

ಮಲಂಬಿ_ಹುಡುಗ:
ಅಣ್ಣ, ಮೈಲುತುತ್ತ ಮನೆಯಲ್ಲೇ ಇತ್ತು, ಇದಕ್ಕೆ ಬಳಸಬಹುದು ಎಂದು ಯಾರಿಗೂ ಗೊತ್ತಿರಲಿಲ್ಲ. ಗೆರಸೆಗೆ ನಾಳೆಯೇ ಸಂತೆಗೆ ಹೋಗುತ್ತೇವೆ.

ಕಿರೀಟ, ಒಡವೆ ಬಗ್ಗೆ ಯಾರಾದರೂ ಹೇಳುತ್ತೀರಾ? ಯಕ್ಷಗಾನದವರ ಹತ್ತಿರ ಕೇಳೋಣ ಎಂದು ಒಬ್ಬರ ಸಲಹೆ.

ಕುಶಾಲನಗರ_ದರ್ಜಿ:
ಯಕ್ಷಗಾನದ ಕಿರೀಟ, ಭುಜಕೀರ್ತಿ ಎಷ್ಟು ಚೆಂದ ಅಂದರೂ ಅದು ಆ ರಂಗಕ್ಕೆ ಸೇರಿದ್ದು. ಅವರ ಬಣ್ಣ, ಕುಣಿತ, ಮಾತು ಎಲ್ಲಾ ಸೇರಿ ಅದು ಒಪ್ಪುತ್ತದೆ. ನಿಮ್ಮ ನಟರು ಸಾದಾ ಮಾತಿನಲ್ಲಿ ಆಡುವಾಗ ತಲೆಯ ಮೇಲೆ ಅಷ್ಟು ದೊಡ್ಡದು ಇದ್ದರೆ ಮುಖವೇ ಕಾಣುವುದಿಲ್ಲ. ಕೆಲಸದ ಕ್ರಮ ಮಾತ್ರ ಅವರಿಂದ ಕಲಿಯಬೇಕು. ಹಗುರ ಮರದ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿ ಬೆಳಕು ಹಿಡಿಯುವುದು ಅವರ ಹಳೆಯ ವಿದ್ಯೆ.

ಕೊಂಗಾಳ್ವ ಸಣ್ಣ ಅರಸ. ಗಿಡ್ಡ ಕಿರೀಟ ಸಾಕು. ಅಡಿಕೆ ಹಾಳೆಯಲ್ಲಿ ಮಾಡಿ. ಅಗಲವಾದ ಹಾಳೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಚರ್ಮದ ಹಾಗೆ ಬಾಗುತ್ತದೆ. ನಟನ ತಲೆಯ ಅಳತೆಗಿಂತ ಒಂದು ಬೆರಳು ದೊಡ್ಡದಾದ ಪಾತ್ರೆಗೆ ಸುತ್ತಿ, ಬಟ್ಟೆಯಿಂದ ಬಿಗಿದು ಕಟ್ಟಿ, ಒಣಗಲು ಬಿಡಿ. ಬಿಚ್ಚಿದ ಮೇಲೆ ಆಕಾರ ಹಾಗೇ ನಿಲ್ಲುತ್ತದೆ. ಒಳಗೆ ಮೆತ್ತನೆ ಬಟ್ಟೆ ಹೊಲಿಯಿರಿ, ಇಲ್ಲದಿದ್ದರೆ ಹಣೆ ಕೆರೆಯುತ್ತದೆ. ಹಾಳೆಗೂ ಬೂಸ್ಟು ಬೇಗ ಬರುತ್ತದೆ, ಎರಡೂ ಕಡೆ ವಾರ್ನಿಷ್ ಹಾಕಿ.

ಮೇಲಿನ ಕುಸುರಿಗೆ ಗ್ಲೂ ಗನ್. ಪೆನ್ಸಿಲ್‌ನಲ್ಲಿ ಬಳ್ಳಿ ಬರೆದುಕೊಂಡು ಅದರ ಮೇಲೆ ಬಿಸಿ ಗೋಂದಿನ ಗೆರೆ ಎಳೆಯಿರಿ. ಆರಿದ ಮೇಲೆ ಉಬ್ಬು ಕೆತ್ತನೆಯ ಹಾಗೆ ಕಾಣುತ್ತದೆ. ಮೊದಲು ಪೂರ್ತಿ ಕಂದು ಬಣ್ಣ, ಆಮೇಲೆ ಬಂಗಾರದ ಬಣ್ಣವನ್ನು ಒಣ ಬ್ರಷ್‌ನಲ್ಲಿ ಉಬ್ಬಿನ ಮೇಲೆ ಮಾತ್ರ. ತಗ್ಗಿನಲ್ಲಿ ಕಂದು ಉಳಿದರೆ ಅದೇ ನೆರಳಾಗುತ್ತದೆ. ಎಲ್ಲಾ ಕಡೆ ಬಂಗಾರ ಬಳಿದರೆ ಸಿಹಿ ತಿಂಡಿ ಡಬ್ಬಿಯ ಕಾಗದ ಕಾಣುತ್ತದೆ.

ಪೋಚಬ್ಬರಸಿಯ ಒಡವೆಗೆ ಕಾಳು ಅಂಟಿಸಬೇಡಿ. ಕಡಲೆ, ಹೆಸರು ಎಲ್ಲಾ ಹುಳ ಹಿಡಿಯುತ್ತದೆ, ಇಲಿ ಬರುತ್ತದೆ. ಹಳೆಯ ಗುಂಡಿ, ಮರದ ಮಣಿ ಬಳಸಿ. ಓಲೆ ದೊಡ್ಡದಿರಲಿ, ದುಂಡಗಿರಲಿ. ಆ ಕಾಲದ ಶಿಲ್ಪದಲ್ಲಿ ಕಿವಿಯ ಒಡವೆ ಎದ್ದು ಕಾಣುತ್ತದೆ. ಕುತ್ತಿಗೆಗೆ ಎರಡು ಸರ ಸಾಕು. ಅವರು ಬಸದಿ ಕಟ್ಟಿಸುವ ತಾಯಿ, ಮದುಮಗಳಲ್ಲ.

ಮಂಟಪದ_ಕೆಲಸ_ಮಡಿಕೇರಿ:
ಶಾಸನದ ಕಲ್ಲು ನನಗೆ ಬಿಡಿ. ದಸರಾ ದಶಮಂಟಪದ, ಅಂದರೆ ಮೆರವಣಿಗೆಯ ಹತ್ತು ಸ್ತಬ್ಧಚಿತ್ರಗಳ, ಕೆಲಸದಲ್ಲಿ ಇರುವವನು ನಾನು. ಥರ್ಮಕೋಲ್‌ನಲ್ಲಿ ಬೆಟ್ಟ, ರಾಕ್ಷಸ ಎಲ್ಲಾ ಮಾಡುತ್ತೇವೆ, ಕಲ್ಲು ಏನು ದೊಡ್ಡದಲ್ಲ.

ನಾಲ್ಕಿಂಚು ದಪ್ಪದ ಥರ್ಮಕೋಲ್, ಐದಡಿ ಎತ್ತರ, ಎರಡಡಿ ಅಗಲ. ಹಿಂದೆ ಮರದ ಚೌಕಟ್ಟು, ಕೆಳಗೆ ಭಾರದ ಪಟ್ಟಿ, ಇಲ್ಲದಿದ್ದರೆ ಫ್ಯಾನ್ ಗಾಳಿಗೇ ಬೀಳುತ್ತದೆ. ಅಂಚನ್ನು ಕೈಯಿಂದ ಮುರಿದು ಒರಟು ಮಾಡಿ. ಅಕ್ಷರವನ್ನು ಬಿಸಿ ಸಾಲ್ಡರಿಂಗ್ ಕಡ್ಡಿಯಿಂದ ಬರೆಯಬಹುದು, ಆದರೆ ಹೊಗೆ ಕೆಟ್ಟದ್ದು. ಬಾಗಿಲು ತೆಗೆದು, ಮುಖಕ್ಕೆ ಮಾಸ್ಕ್ ಹಾಕಿ ಮಾಡಿ. ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ, ಥರ್ಮಕೋಲ್ ಕರಗುತ್ತದೆ. ಮೊದಲು ಫೆವಿಕಾಲ್ ನೀರಿನಲ್ಲಿ ಟಿಶ್ಯೂ ಕಾಗದ ಅಂಟಿಸಿ, ಒಣಗಿದ ಮೇಲೆ ಫೆವಿಕಾಲ್, ಸಿಮೆಂಟ್, ಸಣ್ಣ ಮರಳು ಕಲಸಿ ತೆಳುವಾಗಿ ಬಳಿಯಿರಿ. ಕಡು ಬೂದು ಬಣ್ಣ ಹಾಕಿ, ಮೇಲೆ ತಿಳಿ ಬೂದು ಸ್ಪಂಜಿನಲ್ಲಿ ಒತ್ತಿ. ಮೇಷ್ಟ್ರು ಹೇಳಿದ ಬಿಳಿ ಪುಡಿಗೆ ಸೀಮೆಸುಣ್ಣ ಉಜ್ಜಿದರೆ ಆಯಿತು.

ಒಂದು ಮುಖ್ಯ ಮಾತು, ಥರ್ಮಕೋಲ್ ಬೇಗ ಬೆಂಕಿ ಹಿಡಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಪಂಜು ಇದೆ. ನಿಜವಾದ ಬೆಂಕಿ ರಂಗದ ಮೇಲೆ ಬೇಡವೇ ಬೇಡ.

ಶನಿವಾರಸಂತೆ_ಮೇಷ್ಟ್ರು:
ಅಕ್ಷರ ಈಗಿನ ಲಿಪಿಯಲ್ಲಿ ಬೇಡ. ಮುಳ್ಳೂರು ಶಾಸನದ ಅಚ್ಚಿನ ಚಿತ್ರ ನೋಡಿ ಹಾಗೇ ನಕಲು ಮಾಡಿ. ಗುಂಡಗಿನ, ಒತ್ತೊತ್ತಾದ ಸಾಲುಗಳು. ಓಲೆಗರಿಗೆ ದಪ್ಪ ಕಾಗದವನ್ನು ಉದ್ದ ಪಟ್ಟಿ ಕತ್ತರಿಸಿ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ. ಒಂದು ತೂತು ಮಾಡಿ ದಾರ ಹಾಕಿ, ಮೇಲೆ ಕೆಳಗೆ ಮರದ ಪಟ್ಟಿ. ಬರೆಯುವ ದೃಶ್ಯ ಇದ್ದರೆ ಕೈಯಲ್ಲಿ ಲೋಹದ ಕಂಟ (ಗರಿಯ ಮೇಲೆ ಕೊರೆದು ಬರೆಯುವ ಕಡ್ಡಿ) ಇರಬೇಕು, ನವಿಲುಗರಿ ಅಲ್ಲ.

ಕಾಫಿ ಅಂದ ಮೇಲೆ ನೆನಪಾಯಿತು. ಬಣ್ಣಕ್ಕೆ ಕಾಫಿ ಆಗಬಹುದು, ದೃಶ್ಯದಲ್ಲಿ ಕಾಫಿ ಗಿಡ ಬೇಡ. ಕೊಡಗಿನಲ್ಲಿ ದೊಡ್ಡ ತೋಟಗಳು ಶುರುವಾದದ್ದು 1854ರ ಮೇಲೆ. ಹಿಂದಿನ ಪರದೆಯಲ್ಲಿ ಸಿಲ್ವರ್ ಓಕ್ ಬರೆಯಬೇಡಿ, ಅದು ಆಸ್ಟ್ರೇಲಿಯಾದ ಮರ. ಸಂತೆಯ ದೃಶ್ಯದಲ್ಲಿ ಒಣಮೆಣಸಿನಕಾಯಿ ರಾಶಿ ಬೇಡ. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರು ಬಂದ ಮೇಲೆ. ಅನಾನಸ್, ಪಪ್ಪಾಯಿ, ಗೋಡಂಬಿ, ಮುಸುಕಿನ ಜೋಳದ ತೆನೆ ಎಲ್ಲಾ ಆಮೇಲಿನವು. ಚೆಂಡು ಹೂವಿನ ಹಾರವೂ ಬೇಡ, ಅದು ಮೆಕ್ಸಿಕೋದ ಹೂವು. ಕರಿಮೆಣಸು, ಏಲಕ್ಕಿ, ಜೇನು, ಭತ್ತ, ಬಾಳೆ, ಹಲಸು, ಅಡಿಕೆ ಇಡಿ. ಬುಟ್ಟಿ ತುಂಬ ಕರಿಮೆಣಸು ಕಂಡರೆ ಆ ಕಾಲದ ಕೊಡಗು ಅಲ್ಲೇ ಕಾಣುತ್ತದೆ.

ವಿರಾಜಪೇಟೆ_ಕಾಲೇಜು:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಕಾಲೇಜಿನಲ್ಲಿ ಮಧ್ಯಯುಗದ ಯುರೋಪಿನ ಕಥೆಯ ನಾಟಕ ಇದೆ. ಅಲ್ಲಿಯವರ ಬಳೆ ಬಳೆಯ ಕಬ್ಬಿಣದ ಅಂಗಿ ಬೇಕು. ಅಗ್ಗದಲ್ಲಿ ಆಗುತ್ತದಾ?

ಕುಶಾಲನಗರ_ದರ್ಜಿ:
ಆಗುತ್ತದೆ. ದಪ್ಪ ಹತ್ತಿ ಹಗ್ಗ ಅಥವಾ ಒರಟು ಉಲ್ಲನ್ ದಾರದಲ್ಲಿ ದೊಡ್ಡ ಸೂಜಿ ಹಿಡಿದು ಸಡಿಲವಾಗಿ ಹೆಣೆದ ಅಂಗಿ. ಕಪ್ಪು ಬಣ್ಣದಲ್ಲಿ ಅದ್ದಿ ಒಣಗಿಸಿ, ಬೆಳ್ಳಿ ಬಣ್ಣವನ್ನು ಒಣ ಬ್ರಷ್‌ನಲ್ಲಿ ಮೇಲೆ ಮೇಲೆ ಸವರಿ. ಮೂರನೇ ಸಾಲಿನಿಂದ ನೋಡಿದರೆ ಕಬ್ಬಿಣವೇ. ಸೊಂಟಕ್ಕೆ ಬೆಲ್ಟ್ ಬಿಗಿದು ಮೇಲಿನ ಬಟ್ಟೆ ಸ್ವಲ್ಪ ಜೋತು ಬೀಳುವ ಹಾಗೆ ಬಿಡಿ, ಆಗ ತೂಕ ಇದ್ದ ಹಾಗೆ ಕಾಣುತ್ತದೆ.

ಬೆಳಕು_ಪೆಟ್ಟಿಗೆ:
ನಾನು ಲೈಟಿಂಗ್ ಮಾಡುವವಳು. ಪಂಜಿಗೆ ಹೀಗೆ ಮಾಡಿ. ಬಿದಿರಿನ ಕೋಲು, ತುದಿಯಲ್ಲಿ ತಗಡಿನ ಡಬ್ಬಿ. ಒಳಗೆ ಕಿತ್ತಳೆ ಬಣ್ಣದ ಎರಡು ಸಣ್ಣ ಎಲ್‌ಇಡಿ, ಕಂಪ್ಯೂಟರಿನೊಳಗೆ ಇರುವಂಥ ಪುಟ್ಟ ಫ್ಯಾನ್, ಬ್ಯಾಟರಿ. ಮೇಲೆ ತೆಳು ರೇಷ್ಮೆ ಬಟ್ಟೆಯ ಚೂಪು ತುಂಡುಗಳು. ಫ್ಯಾನ್ ತಿರುಗಿದರೆ ಬಟ್ಟೆ ಮೇಲೆದ್ದು ಉರಿಯ ಹಾಗೆ ಆಡುತ್ತದೆ. ಫ್ಯಾನಿನ ಸದ್ದು ಮಾತಿನ ದೃಶ್ಯದಲ್ಲಿ ಕೇಳಿಸಬಹುದು. ಅದಕ್ಕೆ ಪಂಜನ್ನು ಹಿಂದೆ ನಿಲ್ಲಿಸಿ.

ಬಣ್ಣ ಆಯ್ಕೆ ಮಾಡುವ ಮೊದಲು ನಿಮ್ಮ ಲೈಟ್‌ನವರ ಜೊತೆ ಕೂತು ಮಾತಾಡಿ. ಹಳದಿ ಬೆಳಕು ಬಿದ್ದರೆ ಬೆಳ್ಳಿ ಬಣ್ಣ ಹಿತ್ತಾಳೆ ಆಗುತ್ತದೆ. ರಾತ್ರಿ ದೃಶ್ಯಕ್ಕೆ ನೀಲಿ ಹಾಕಿದರೆ ಕೆಂಪು ಬಟ್ಟೆ ಕಪ್ಪಾಗಿ ಕಾಣುತ್ತದೆ, ರಕ್ತದ ಕಲೆಯ ಕೆಂಪು ಕಾಣುವುದೇ ಇಲ್ಲ. ಒಂದು ಕತ್ತಿ, ಒಂದು ಗುರಾಣಿ ಮುಗಿದ ಕೂಡಲೇ ಬೆಳಕಿನ ಕೆಳಗೆ ಹಿಡಿದು ಕೊನೆಯ ಸಾಲಿನಿಂದ ನೋಡಿ. ಆಮೇಲೆ ಉಳಿದದ್ದು ಮಾಡಿ.

ಮಲಂಬಿ_ಹುಡುಗ:
ಅಕ್ಕ, ತುಂಬಾ ಸಹಾಯವಾಯಿತು. ಸದ್ದಿನ ಬಗ್ಗೆ ಒಂದು ಪ್ರಶ್ನೆ. ಬೆತ್ತಕ್ಕೆ ಬೆತ್ತ ತಾಗಿದರೆ ಟಕ್ ಅನ್ನುತ್ತದೆ. ಕಬ್ಬಿಣದ ಖಣಖಣ ಬೇಕು ಎಂದು ನಿರ್ದೇಶಕರು ಹಟ ಹಿಡಿದಿದ್ದಾರೆ. ಮೊಂಡು ಮಾಡಿದ ಕಬ್ಬಿಣದ ಕತ್ತಿ ಆಗಬಹುದಾ?

ಬಡಗಿಕೊಟ್ಟಿಗೆ:
ಬೇಡ. ಮೊಂಡು ಕಬ್ಬಿಣವೂ ಕೈ ಮುರಿಯುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಅಂಚಿನಲ್ಲಿ ಮುಳ್ಳು ಏಳುತ್ತದೆ, ಅದು ಚರ್ಮ ಹರಿಯುತ್ತದೆ. ವರ್ಷಗಟ್ಟಲೆ ಕಲಿತವರಿಗೆ ಬೇರೆ ಮಾತು.

ಮಂಟಪದ_ಕೆಲಸ_ಮಡಿಕೇರಿ:
ನೇಪಥ್ಯದಲ್ಲಿ ಕಬ್ಬಿಣದ ಸರಳು ಬಡಿದರೆ ಸದ್ದು ಬರುತ್ತದೆ, ಆದರೆ ಕತ್ತಿ ತಾಗುವ ಕ್ಷಣಕ್ಕೆ ಸರಿಯಾಗಿ ಬೀಳುವುದು ಬಹಳ ಕಷ್ಟ. ಅರ್ಧ ಸೆಕೆಂಡು ತಡವಾದರೂ ಜನ ನಗುತ್ತಾರೆ. ಅದಕ್ಕಿಂತ ಯಕ್ಷಗಾನದ ದಾರಿ ಹಿಡಿಯಿರಿ. ಕತ್ತಿ ತಾಗಲೇ ಬೇಡ. ಪೆಟ್ಟು ಚೆಂಡೆಯಲ್ಲಿ ಬೀಳಲಿ, ನಟರು ಆ ಪೆಟ್ಟಿಗೆ ನಿಲ್ಲಲಿ. ಇಬ್ಬರ ನಡುವೆ ಕತ್ತಿ ನೀಡಿದರೂ ತಾಗದಷ್ಟು ದೂರ ಇರಲಿ. ಗುರಿ ಯಾವಾಗಲೂ ಎದುರಾಳಿಯ ಭುಜದ ಹೊರಗೆ. ಬೀಸುವ ಮೊದಲು ಕಣ್ಣಿಗೆ ಕಣ್ಣು ಸೇರಲೇಬೇಕು.

ಮಲಂಬಿ_ಹುಡುಗ:
ನಿರ್ದೇಶಕರಿಗೆ ಇದನ್ನು ಓದಿ ಹೇಳಿದೆ. ಚೆಂಡೆ ಬಾರಿಸುವವರು ನಮ್ಮಲ್ಲೇ ಒಬ್ಬರಿದ್ದಾರೆ. ನಾಳೆ ರಿಹರ್ಸಲ್‌ನಲ್ಲಿ ಮಾಡಿ ನೋಡೋಣ ಎಂದು ಒಪ್ಪಿದರು.

ಇನ್ನು ಉಳಿದದ್ದು ಬಿಲ್ಲು. ಒಂದು ದೃಶ್ಯದಲ್ಲಿ ಬಾಣ ಬಿಡಬೇಕು, ಆಚೆ ಕಡೆ ಸೈನಿಕ ಬೀಳಬೇಕು.

ಬಡಗಿಕೊಟ್ಟಿಗೆ:
ನಿಜವಾಗಿ ಬಾಣ ಬಿಡಬೇಡಿ, ಎಷ್ಟೇ ಮೊಂಡಾಗಿದ್ದರೂ ಸರಿ. ಕಣ್ಣಿಗೆ ಬಿದ್ದರೆ ಮುಗಿಯಿತು. ಬಿದಿರಿನ ಬಿಲ್ಲಿಗೆ ದಾರದ ಬದಲು ಹೊಲಿಗೆಯ ಎಲಾಸ್ಟಿಕ್ ಕಟ್ಟಿ, ಮೇಲೆ ಕಂದು ದಾರ ಸಡಿಲವಾಗಿ ಸುತ್ತಿ. ಎಳೆದರೆ ಬರುತ್ತದೆ, ಆದರೆ ಬಿಟ್ಟಾಗ ಬಲ ಇರುವುದಿಲ್ಲ. ಬಾಣದ ಹಿಂಬದಿಯಲ್ಲಿ ಹೆದೆ ಕೂರುವ ಕಚ್ಚು ಮಾಡಲೇಬೇಡಿ. ಬಿಡುವ ಕ್ಷಣದಲ್ಲಿ ನಟ ಬಾಣವನ್ನು ಬೆರಳಲ್ಲೇ ಹಿಡಿದು ಮೊಣಕೈಯ ಹಿಂದೆ ಸರಿಸಬೇಕು. ಜನರ ಕಣ್ಣು ಆ ಹೊತ್ತಿಗೆ ಬೀಳುವವನ ಕಡೆ ಹೋಗಿರುತ್ತದೆ. ಬೀಳುವವನು ಮೊದಲೇ ಅರ್ಧ ಬಾಣವನ್ನು ಗುರಾಣಿಯ ಹಿಂದೆ ಹಿಡಿದಿರಲಿ. ಗುರಾಣಿ ಸರಿದಾಗ ಅದು ಪಕ್ಕೆಗೆ ನೆಟ್ಟ ಹಾಗೆ ಕಾಣುತ್ತದೆ. ಬಿಲ್ಲಿನವನು ರಂಗದ ಎಡಗಡೆ ನಿಂತರೆ ಎಳೆಯುವ ಕೈ ಜನರಿಗೆ ಮರೆಯಾಗುತ್ತದಾ ಎಂದು ಒಮ್ಮೆ ನೋಡಿ. ಅವನು ಎಡಚನಾದರೆ ಬದಿ ಬದಲಿಸಿ.

ಮಲಂಬಿ_ಹುಡುಗ:
ಬಿಲ್ಲು ಹಿಡಿಯುವ ಹುಡುಗ ಎಡಚನೇ ಅಣ್ಣ. ಬಲಗಡೆ ನಿಲ್ಲಿಸುತ್ತೇವೆ.